ಉಗುರಣ್ಣನ ತುಟಿ

ಚಿಕ್ಕಪ್ಪನ ನಿಜವಾದ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು ಉಗುರಣ್ಣ. ಬಲಗೈ ಹೆಬ್ಬೆರಳಿನ ಉಗುರನ್ನು ಅಕ್ಕಿಕಾಳಿನಷ್ಟು ಉದ್ದ ಬಿಟ್ಟು, ಸಣ್ಣ ಅರದಿಂದ ನೇರವಾಗಿ ತೀಡಿ ಇಟ್ಟುಕೊಂಡಿದ್ದರು. ಎರಡು ಉಕ್ಕಿನ ತುಂಡು ಸೇರುವ ಜಾಗದ ಮೇಲೆ ಆ ಉಗುರನ್ನು ಒಮ್ಮೆ ಎಳೆದರೆ ಸಾಕು, ಒಂದು ತುಂಡು ಇನ್ನೊಂದಕ್ಕಿಂತ ಅರ್ಧ ಕೂದಲಿನಷ್ಟು ಎತ್ತರ ಇದ್ದರೂ "ಇಲ್ಲಿ ಮೆಟ್ಟಿಲಿದೆ" ಎಂದುಬಿಡುತ್ತಿದ್ದರು. ಅಳತೆಯ ಸಾಧನ ತಂದು ನೋಡಿದರೆ ಮೆಟ್ಟಿಲು ಇದ್ದೇ ಇರುತ್ತಿತ್ತು. ಮನೆಯಲ್ಲೂ ಆ ಉಗುರಿಗೆ ಬಿಡುವಿರಲಿಲ್ಲ. ಹೊಸ ತಟ್ಟೆ ಬಂದರೆ ಅಂಚಿಗೆ ಉಗುರು, ಬಾಗಿಲಿಗೆ ಚಿಲಕ ಹಾಕಿಸಿದರೆ ಅದಕ್ಕೂ ಉಗುರು. "ಹೆಣ್ಣು ನೋಡೋಕೆ ಬಂದಾಗ ನನ್ನ ಹಲ್ಲಿನ ಮೇಲೆ ಎಳೆದು ನೋಡಲಿಲ್ಲವಲ್ಲ, ಅದೇ ಪುಣ್ಯ" ಎಂದು ಚಿಕ್ಕಮ್ಮ ರೇಗಿಸುತ್ತಿದ್ದರು.

ನಾನು ಅವರ ಅಣ್ಣನ ಮಗಳು. ಹತ್ತು ವರ್ಷದವಳಿದ್ದಾಗಿನಿಂದ ಅವರ ಮನೆಯಲ್ಲೇ ಬೆಳೆದೆ. ಬೇರೆ ಮನೆಗಳಲ್ಲಿ ಮಕ್ಕಳಿಗೆ ಗೊಂಬೆ ಕೊಟ್ಟರೆ ಚಿಕ್ಕಪ್ಪ ನನಗೆ ಕೂದಲು ಕೊಟ್ಟರು. ಕಿಟಕಿಯ ಪಕ್ಕದ ಮೇಜಿನ ಮೇಲೆ ನನ್ನದೇ ಒಂದು ಕೂದಲನ್ನಿಟ್ಟು, ಅದರ ಮೇಲೆ ಪುಸ್ತಕದ ಹಾಳೆ ಹಾಸಿ, "ಎಲ್ಲಿದೆ ಹೇಳು" ಎನ್ನುತ್ತಿದ್ದರು. ಕಣ್ಣು ಮುಚ್ಚಿ ಉಗುರು ಎಳೆಯಬೇಕು. ಒಂದು ಹಾಳೆಯಡಿ ಸಿಕ್ಕರೆ ಎರಡನೇ ಹಾಳೆ, ಆಮೇಲೆ ಮೂರನೆಯದು. ನಾನು ಮೂರರವರೆಗೆ ಹೋದೆ. ಅವರು ಐದು ಹಾಳೆಯಡಿ ಕೂದಲು ಹಿಡಿಯುತ್ತಿದ್ದರು. ಸಿಗದಿದ್ದಾಗ ನಾನು ಅಂದಾಜಿನಲ್ಲಿ ಒಂದು ಜಾಗ ತೋರಿಸಿದರೆ ಮಾತ್ರ ಸಿಟ್ಟು ಬರುತ್ತಿತ್ತು. "ಮುಟ್ಟಿ ತಿಳಿದಿದ್ದನ್ನ ಹೇಳು. ತಿಳಿಯದಿದ್ರೆ ತಿಳೀಲಿಲ್ಲ ಅನ್ನು. ನಾಲಿಗೆಗೆ ಬೆರಳಿನ ಕೆಲಸ ಕೊಡಬೇಡ."

ಓದು ಮುಗಿದ ಮೇಲೆ ನನಗೂ ಅದೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಚಿಕ್ಕಪ್ಪ ಟೂಲ್ ರೂಮಿನಲ್ಲಿ ಅಚ್ಚುಗಳನ್ನು ಜೋಡಿಸುವ ಫಿಟ್ಟರ್. ನಾನು ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಮುಚ್ಚಳಗಳನ್ನು ಭೂತಗನ್ನಡಿಯಡಿ ನೋಡಿ ಪಾಸು ಮಾಡುವವಳು. ಮಕ್ಕಳಿಗೆ ಕುಡಿಸುವ ಔಷಧಿಯ ಬಾಟಲಿಗೆ ಹಾಕುವ ಮುಚ್ಚಳ ಅದು. ನೋಡಲು ಏನೂ ಇಲ್ಲ, ಮನೆಮನೆಯಲ್ಲೂ ಕಸದ ಬುಟ್ಟಿ ಸೇರುವ ವಸ್ತು. ಆದರೆ ಅದರ ಒಳಗೆ ತಿರುಪಿನ ಸುತ್ತು ಇದೆ, ಸುತ್ತಿನ ಕೆಳಗೆ ಒಂದು ಉಬ್ಬಿದ ಬಳೆಯಂಥ ಅಂಚಿದೆ. ಅಚ್ಚಿನ ನಡುವೆ ಮುಚ್ಚಳದ ಒಳಮೈಗೆ ಆಕಾರ ಕೊಡುವ ಉಕ್ಕಿನ ತಿರುಳಿದೆ, ಅದಕ್ಕೆ ಕೋರು ಎನ್ನುತ್ತೇವೆ; ಕಾದ ಪ್ಲಾಸ್ಟಿಕ್ಕು ಅದರ ಸುತ್ತ ಹರಿದು ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಆ ಸುತ್ತು, ಆ ಅಂಚು ಎರಡೂ ಕೋರನ್ನು ಕಚ್ಚಿ ಹಿಡಿದುಕೊಳ್ಳುತ್ತವೆ. ಎಳೆದರೆ ಮುಚ್ಚಳ ಹರಿಯುತ್ತದೆ.

ಅದಕ್ಕೇ ಆ ಕೋರು ತಾನೇ ಕುಗ್ಗುತ್ತದೆ. ಅದು ಒಂದೇ ಗಟ್ಟಿ ಉಕ್ಕಲ್ಲ, ಹನ್ನೆರಡು ತೆಳ್ಳನೆಯ ತುಂಡುಗಳು ಒಂದು ಮೊನಚು ಕಂಬದ ಸುತ್ತ ನಿಂತು ಆದದ್ದು. ಆರು ಅಗಲ, ಆರು ಕಿರಿದು. ಚಿಕ್ಕಪ್ಪ ಅವನ್ನು ಎಸಳು ಎನ್ನುತ್ತಿದ್ದರು. ನಡುವಿನ ಕಂಬ ಹಿಂದಕ್ಕೆ ಸರಿದಾಗ ಕಿರಿದಾದ ಎಸಳುಗಳು ಮೊದಲು ಒಳಗೆ ಬೀಳುತ್ತವೆ, ಅಗಲದವು ಅವುಗಳ ಹಿಂದೆ ಬೀಳುತ್ತವೆ. ಮುಚ್ಚಳ ಸಲೀಸಾಗಿ ಕಳಚುತ್ತದೆ. "ಬಿಗಿಯಾದ ಬಳೆ ತೆಗೆಯುವಾಗ ಕೈ ಮಡಚ್ತೀಯಲ್ಲ, ಅಷ್ಟೇ ಇದು" ಎಂದು ಮೊದಲ ದಿನ ಹೇಳಿಕೊಟ್ಟಿದ್ದರು.

ನಮ್ಮ ಅಚ್ಚಿನಲ್ಲಿ ಅಂಥ ಕೋರು ಎರಡು, ಒಂದೇ ನಕ್ಷೆಯವು. ಪ್ರತಿ ಎಸಳಿನ ಬುಡದಲ್ಲಿ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಕೊರೆದಿತ್ತು. ಆದರೆ ಯಾವ ಕೋರಿನದು ಎಂಬ ಗುರುತಿರಲಿಲ್ಲ. ಒಂದರ ಎಸಳು ಇನ್ನೊಂದಕ್ಕೆ ಕೂರುತ್ತದೆ, ಕೂತರೂ ಹೊಂದುವುದಿಲ್ಲ, ಯಾಕೆಂದರೆ ಹನ್ನೆರಡನ್ನೂ ಒಟ್ಟಿಗೆ ನಿಲ್ಲಿಸಿ ಉಜ್ಜಿ ಮಾಡಿರುತ್ತಾರೆ. ಹಾಗಾಗಿ ಟೂಲ್ ರೂಮಿನ ಗೋಡೆಯ ಮೇಲೆ ಚಿಕ್ಕಪ್ಪನದೇ ಅಕ್ಷರದಲ್ಲಿ ಒಂದು ಬರಹ ಇತ್ತು: ಒಂದು ಸಲಕ್ಕೆ ಒಂದೇ ಕೋರು ಬಿಚ್ಚಿ. "ಸುಮ್ಮನೆ ಒಂದು ಚುಕ್ಕೆ ಗುರುತು ಹಾಕಿಬಿಡಿ ಚಿಕ್ಕಪ್ಪ" ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಗುರುತು ಬೇಕಾಗೋದು ಬೆರಳಿಲ್ಲದವನಿಗೆ" ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಆ ಮಾತು ಹೇಳಿ ವರ್ಷ ಕಳೆದಿರಲಿಲ್ಲ. ಒಂದು ಬೆಳಗ್ಗೆ ಚಿಕ್ಕಮ್ಮ ಒಲೆಯಿಂದ ಆಗಷ್ಟೇ ಇಳಿಸಿದ ಚಹಾವನ್ನು ಸ್ಟೀಲ್ ಲೋಟಕ್ಕೆ ಸುರಿದು, ಹಿಡಿಯಲು ಬಟ್ಟೆ ತರಲು ತಿರುಗಿದರು. ಅಷ್ಟರಲ್ಲಿ ಚಿಕ್ಕಪ್ಪ ಬರಿಗೈಯಲ್ಲಿ ಲೋಟ ಎತ್ತಿಕೊಂಡು ಪೇಪರ್ ಓದತೊಡಗಿದರು. ಪುಟ ತಿರುವಿದರು. ಇನ್ನೊಂದು ಪುಟ ತಿರುವಿದರು. ಲೋಟ ಕೈಯಲ್ಲೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಮುಖ ನೋಡಿ, ಆಮೇಲೆ ಲೋಟ ನೋಡಿ, ಮೆಲ್ಲಗೆ ಕೆಳಗಿಟ್ಟರು. ಬೆರಳ ತುದಿಗಳು ಕೆಂಪಗೆ ಬೊಬ್ಬೆ ಏಳುತ್ತಿದ್ದವು.

ಈ ಕತೆ ನಮ್ಮ ಮನೆಗೆ ಹೊಸದಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಪಾದಕ್ಕೆ ಮೊಳೆ ಚುಚ್ಚಿಕೊಂಡಿದ್ದು ಅವರಿಗೆ ತಿಳಿಯಲೇ ಇಲ್ಲ, ಚಪ್ಪಲಿ ತುಂಬ ರಕ್ತ ನೋಡಿ ನಾನೇ ಕೂಗಿಕೊಂಡಿದ್ದೆ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲವರೆಗೆ. ಒಂದು ವರ್ಷದೊಳಗೆ ಅಪ್ಪನೇ ಇರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಚಿಕ್ಕಪ್ಪ ನನ್ನ ಕೈ ಹಿಡಿದು ನಿಂತಿದ್ದರು. ಆ ಬೆರಳುಗಳ ಬಿಗಿತ ನನಗೆ ಇವತ್ತಿಗೂ ನೆನಪಿದೆ.

"ಡಾಕ್ಟ್ರ ಹತ್ತಿರ ಹೋಗೋಣ" ಎಂದೆ.

"ಹೋದ್ರೆ ಏನು ಹೇಳ್ತಾರೆ ಅಂತ ನಂಗೊತ್ತು." ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಅಣ್ಣನಿಗೂ ಮೊದಲು ಬರೀ ಬೆರಳು ಅಂದಿದ್ರು. ಯಾರಿಗೂ ಹೇಳಬೇಡ ಪುಟ್ಟಿ. ನಿನ್ನ ಚಿಕ್ಕಮ್ಮನಿಗೂ ಬೇಡ. ಬೆರಳು ಹೋದ ಫಿಟ್ಟರ್‌ನ ಯಾರೂ ಇಟ್ಕೊಳಲ್ಲ."

ನಾನು ಹೇಳಲಿಲ್ಲ. ಹೆದರಿದವರ ಮಾತಿಗೆ ಹೆದರಿದವರೇ ಒಪ್ಪಿಕೊಂಡರೆ ಏನಾಗುತ್ತದೋ ಅದೇ ಆಯಿತು. ಅಂದಿನಿಂದ ಇಬ್ಬರ ಬಾಯಿಗೂ ಬೀಗ. ಅವರ ಕೈಯಿಂದ ಚಮಚ ಜಾರಿದರೆ ನಾನು ಜೋರಾಗಿ ಕೆಮ್ಮುತ್ತಿದ್ದೆ. ಅಂಗಿಯ ಗುಂಡಿ ಸಿಗದೆ ಅವರು ಪರದಾಡಿದರೆ, ಹುಡುಗಾಟದವಳಂತೆ ಹೋಗಿ ನಾನೇ ಹಾಕುತ್ತಿದ್ದೆ. ಊಟಕ್ಕೆ ಕೂತಾಗಲೂ ನನ್ನ ಕಣ್ಣು ಅವರ ಕೈ ಮೇಲೆಯೇ. ಚಿಕ್ಕಮ್ಮ ಎಷ್ಟು ದಿನ ಏನೂ ಕಾಣದವರಂತೆ ಇದ್ದರೋ, ಅವರಿಗೂ ಭಯವೇ ಇತ್ತೋ, ಈಗಲೂ ನನಗೆ ಗೊತ್ತಿಲ್ಲ.

ಟೂಲ್ ರೂಮಿನಲ್ಲಿ ಅವರು ಹೇಗೆ ನಿಭಾಯಿಸುತ್ತಾರೆ ಎಂಬುದು ಒಂದು ಮಧ್ಯಾಹ್ನ ಕಣ್ಣಿಗೆ ಬಿತ್ತು. ಎಲ್ಲರೂ ಊಟಕ್ಕೆ ಹೋಗಿದ್ದರು. ಡಬ್ಬಿ ಕೊಡಲು ಹೋದರೆ ಚಿಕ್ಕಪ್ಪ ಬಾಗಿಲಿಗೆ ಬೆನ್ನು ಹಾಕಿ ಕೂತು, ಜೋಡಿಸಿದ ಕೋರನ್ನು ಎರಡೂ ಕೈಯಲ್ಲಿ ಹಿಡಿದು ಕೆಳತುಟಿಗೆ ಒತ್ತಿಕೊಂಡು ಮೆಲ್ಲಗೆ ತಿರುಗಿಸುತ್ತಿದ್ದರು. ಕಣ್ಣು ಮುಚ್ಚಿತ್ತು. ಹನ್ನೆರಡು ಸಂದುಗಳನ್ನೂ ತುಟಿಯಲ್ಲಿ ಎಣಿಸುತ್ತಿದ್ದರು. ತುಟಿಗೆ ಇನ್ನೂ ಜೀವ ಇತ್ತು. ನನ್ನನ್ನು ನೋಡಿ ಬೆಚ್ಚಿಬಿದ್ದರು, ಬೈಯಲಿಲ್ಲ. "ಬೆರಳಿಗಿಂತ ಚೆನ್ನಾಗಿ ತಿಳಿಯತ್ತೆ ಕಣೆ" ಎಂದು ನಗಲು ನೋಡಿದರು. ಉಕ್ಕಿನ ಎಣ್ಣೆ ತುಟಿಯ ಮೇಲೆ ಹೊಳೆಯುತ್ತಿತ್ತು. ನನಗೆ ಅಳು ಬಂತು. ಡಬ್ಬಿ ಇಟ್ಟು ಹೊರಗೆ ಬಂದುಬಿಟ್ಟೆ.

ಎಂಟು ತಿಂಗಳು ಆ ತುಟಿ ಅವರನ್ನು ಕಾಪಾಡಿತು. ಬಾಗಿಲಿಗೆ ಬೆನ್ನು ಹಾಕಲು ಆಗದ ದಿನ ಬರುವವರೆಗೆ.

ಅವತ್ತು ಬೆಳಗ್ಗೆ ಕೋರುಗಳಲ್ಲಿ ಪ್ಲಾಸ್ಟಿಕ್ಕಿನ ಅಂಟು ಸೇರಿ ಅಚ್ಚು ನಿಂತಿತ್ತು. ನಾಲ್ಕು ಗಂಟೆಗೆ ಲಾರಿ ಹೊರಡಬೇಕು. ಮ್ಯಾನೇಜರ್ ಸ್ವತಃ ಟೂಲ್ ರೂಮಿಗೆ ಬಂದು ಬೆಂಚಿನ ಪಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತರು. ಮುಂದಿನದೆಲ್ಲ ಚಿಕ್ಕಪ್ಪ ಆಮೇಲೆ ಹೇಳಿದ್ದು. ಒಂದೊಂದೇ ಕೋರು ಬಿಚ್ಚಿ ತೊಳೆದರೆ ಹೊತ್ತಾಗುತ್ತದೆ, ಎರಡನ್ನೂ ಬಿಚ್ಚಿ ಎಂದರಂತೆ. ಗೋಡೆಯ ಬರಹ ತೋರಿಸಿದರೆ, "ಅದು ಬೇರೆಯವರಿಗೆ ಉಗುರಣ್ಣ, ನಿಮಗಲ್ಲ" ಎಂದು ನಕ್ಕರಂತೆ. ಆ ಹೊಗಳಿಕೆಗೆ ಇಲ್ಲ ಎನ್ನುವ ಧೈರ್ಯ ಇವರಿಗೆ ಬರಲಿಲ್ಲ. ಎರಡು ಬಟ್ಟೆ ಹಾಸಿ, ಎರಡು ಸುತ್ತು ಎಸಳು ಜೋಡಿಸಿಟ್ಟರು. ಒರೆಸುವಾಗ ಎರಡೂ ಸುತ್ತಿನ ಏಳನೇ ಎಸಳು ಮರಗಟ್ಟಿದ ಬೆರಳಿನಿಂದ ಜಾರಿ ಒಂದೇ ಕಡೆ ಬಿದ್ದವು. ಮೊದಲಾಗಿದ್ದರೆ ಅಂಚು ಸವರಿ ಇದು ಇದರದು, ಅದು ಅದರದು ಎಂದು ಹೇಳುತ್ತಿದ್ದರು. ಈಗ ಅಂದಾಜಿನಲ್ಲಿ ಒಂದನ್ನು ಇಲ್ಲಿಟ್ಟರು, ಇನ್ನೊಂದನ್ನು ಅಲ್ಲಿಟ್ಟರು.

ಕೋರು ಜೋಡಿಸಿ ಮುಗಿಯಿತು. ತುಟಿಗೆ ಒತ್ತಿ ನೋಡಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು. ಆದರೆ ಮ್ಯಾನೇಜರ್ ಕದಲಲಿಲ್ಲ. "ಎಲ್ಲಿ, ನಿಮ್ಮ ಉಗುರು ಏನನ್ನತ್ತೆ?" ಎಂದು ಕೇಳಿದರು. ಚಿಕ್ಕಪ್ಪ ಹೆಬ್ಬೆರಳಿನ ಉಗುರನ್ನು ಎರಡೂ ಕೋರಿನ ಸುತ್ತ ಎಳೆದರು. ಏನೂ ತಿಳಿಯಲಿಲ್ಲ. "ಸರಿ ಇದೆ" ಎಂದರು.

ಆಗ ನನಗೆ ಇದಾವುದೂ ಗೊತ್ತಿರಲಿಲ್ಲ. ಮಧ್ಯಾಹ್ನ ಹೊಸ ಮುಚ್ಚಳಗಳು ನನ್ನ ಮೇಜಿಗೆ ಬಂದವು. ಭೂತಗನ್ನಡಿಯಡಿ ಮೊದಲನೆಯದನ್ನು ಹಿಡಿದೆ. ಒಳಗಿನ ಸುತ್ತಿಗೆ ಅಡ್ಡಲಾಗಿ, ಮೇಲಿನಿಂದ ಕೆಳಗೆ, ಒಂದು ಗೆರೆ. ಮರದ ಕಡ್ಡಿಯಲ್ಲಿ ಮೆಲ್ಲಗೆ ಕೆರೆದೆ. ಕಪ್ಪು ಬಟ್ಟೆಯ ಮೇಲೆ ಕೂದಲಿನಂಥ ಬಿಳಿ ಪ್ಲಾಸ್ಟಿಕ್ ಎಳೆ ಬಿತ್ತು. ಇನ್ನೊಂದು ಮುಚ್ಚಳ ತೆಗೆದುಕೊಂಡೆ, ಅದರಲ್ಲೂ ಅದೇ. ಹತ್ತು ನೋಡಿದೆ. ಐದರಲ್ಲಿ ಗೆರೆ ಎದ್ದು ಕಾಣುವಂತಿತ್ತು, ಐದರಲ್ಲಿ ಸಣ್ಣಗಿತ್ತು. ಅಂದರೆ ಎರಡು ಕೋರಿನಲ್ಲೂ ತಪ್ಪಿದೆ. ಎರಡು ಎಸಳುಗಳ ನಡುವೆ ಮೆಟ್ಟಿಲಿದ್ದು, ಆ ಸಂದಿಗೆ ಪ್ಲಾಸ್ಟಿಕ್ಕು ನುಗ್ಗಿದೆ.

ಮುಚ್ಚಳ ತಿರುಗಿಸಿ ತೆಗೆದಾಗಲೆಲ್ಲ ಈ ಎಳೆ ಕಳಚಿ ಔಷಧಿಗೆ ಬೀಳಬಹುದು. ಚಮಚದಲ್ಲಿ ಅದು ಕಾಣುವುದೂ ಇಲ್ಲ. ಕೆಮ್ಮುವ ಮಗು, ಮೂಗು ಹಿಡಿದು ಕುಡಿಸುವ ತಾಯಿ, ಎಲ್ಲ ಕಣ್ಣ ಮುಂದೆ ಬಂತು. ಪಕ್ಕದಲ್ಲೇ ಕೊಕ್ಕೆಗೆ ಕೆಂಪು ಕಾರ್ಡು ನೇತಾಡುತ್ತಿತ್ತು. ಅದನ್ನು ಮೆಷಿನ್‌ಗೆ ತೂಗುಹಾಕಿದರೆ ಎಲ್ಲ ನಿಲ್ಲುತ್ತದೆ. ಆಮೇಲೆ ಕೋರು ಜೋಡಿಸಿದ್ದು ಯಾರು ಎಂದು ಕೇಳುತ್ತಾರೆ, ಹೇಗೆ ತಪ್ಪಿತು ಎಂದು ಕೇಳುತ್ತಾರೆ, ಕೈ ತೋರಿಸು ಎನ್ನುತ್ತಾರೆ.

ನಾನು ಸುಮ್ಮನೆ ಕೂತೆ. ಇದನ್ನು ಮುಚ್ಚಿಟ್ಟು ಬರೆಯಲಾರೆ. ಆ ಮೆಷಿನ್ ಇಪ್ಪತ್ತು ಸೆಕೆಂಡಿಗೆ ಎರಡು ಮುಚ್ಚಳ ಉದುರಿಸುತ್ತದೆ. ಹತ್ತು ನಿಮಿಷ ಕೂತೆ, ಅಂದರೆ ಅರವತ್ತು ಮುಚ್ಚಳ. ಅಚ್ಚು ತೆರೆದ ಸದ್ದನ್ನು ಪ್ರತಿ ಸಲ ಎಣಿಸುತ್ತಿದ್ದೆ. ಕೊನೆಗೆ ಎದ್ದವಳು ಧೈರ್ಯ ಬಂದು ಎದ್ದಿದ್ದಲ್ಲ. ಇನ್ನು ಕೂರಲು ಆಗಲಿಲ್ಲ, ಅಷ್ಟೇ. ಕಾರ್ಡು ತೆಗೆದುಕೊಂಡು ಹೋಗಿ ಮೆಷಿನ್‌ಗೆ ತೂಗುಹಾಕಿದೆ. ಮೆಷಿನ್ ನೋಡಿಕೊಳ್ಳುವ ಅಕ್ಕ ಬಾಯಿ ಬಿಟ್ಟು ನೋಡಿ ಅದನ್ನು ನಿಲ್ಲಿಸಿದರು.

ಮ್ಯಾನೇಜರ್ ಓಡಿ ಬಂದರು. ಮುಚ್ಚಳವನ್ನು ಬೆಳಕಿಗೆ ಹಿಡಿದು, "ಏನಮ್ಮಾ ಇದು, ಧೂಳು" ಎಂದರು.

"ಧೂಳಲ್ಲ ಸರ್. ಕೋರಿನಲ್ಲಿ ಮೆಟ್ಟಿಲಿದೆ."

"ನನ್ನ ಎದುರಿಗೇ ಉಗುರಣ್ಣ ನೋಡಿದಾರೆ. ಅವರ ಉಗುರಿಗಿಂತ ನಿನ್ನ ಗಾಜು ದೊಡ್ಡದಾ?" ಅವರು ಟೂಲ್ ರೂಮಿನ ಕಡೆ ಕೂಗಿದರು. "ಕರೀರಿ ಅವರನ್ನ. ಅವರು ಸರಿ ಇದೆ ಅಂದ್ರೆ ಕಾರ್ಡು ತೆಗೀತೀವಿ, ಲಾರಿ ಹೊರಡತ್ತೆ."

ಚಿಕ್ಕಪ್ಪ ಕೈ ಒರೆಸಿಕೊಳ್ಳುತ್ತಾ ಬಂದರು. ಕೆಂಪು ಕಾರ್ಡು ನೋಡಿದರು, ನನ್ನನ್ನು ನೋಡಿದರು. ಸುತ್ತ ಏಳೆಂಟು ಜನ ಸೇರಿದ್ದರು. ಆ ಕ್ಷಣ ನನಗೆ ಏನು ಬೇಕಿತ್ತು ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಅವರು ಸರಿ ಇದೆ ಎಂದುಬಿಡಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಎರಡೇ ಮಾತು. ನಾನೇ ತಪ್ಪಾಗಿ ಕಂಡೆ ಎಂದಾಗುತ್ತದೆ, ಆಗಲಿ, ಅವರ ಬೆಂಚು ಉಳಿಯುತ್ತದೆ.

ಅಕ್ಕ ಮೆಷಿನ್‌ನ ಬಾಗಿಲು ಸರಿಸಿದರು. ಅಚ್ಚಿನ ಎರಡು ಭಾಗಗಳು ತೆರೆದು ನಿಂತಿದ್ದವು, ನಡುವೆ ಎರಡು ಕೋರುಗಳು. ಚಿಕ್ಕಪ್ಪ ಕೈ ಚಾಚಿ ಮೊದಲನೆಯದರ ಮೇಲೆ ಹೆಬ್ಬೆರಳು ಇಟ್ಟು ಎಳೆದರು.

"ಅಣ್ಣಾ, ಸುಡ್ತಾ ಇದೆ ಅದು!" ಎಂದು ಅಕ್ಕ ಕೂಗಿದರು. ಚಿಕ್ಕಪ್ಪ ಕೈ ತೆಗೆಯಲಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು, ಯಾರೋ ಏನೋ ಕೇಳಿದರೆ ನೆನಪು ಮಾಡಿಕೊಳ್ಳುವವರ ಹಾಗೆ ನಿಂತಿದ್ದರು. ಆಗ ಎಲ್ಲರ ಮುಖವೂ ಒಂದೊಂದಾಗಿ ಬದಲಾಯಿತು.

ಚಿಕ್ಕಪ್ಪ ಬೆರಳು ತೆಗೆದು ಅದನ್ನೇ ನೋಡಿಕೊಂಡರು. ಆಮೇಲೆ ಬಗ್ಗಿ, ತಲೆಯನ್ನು ಅಚ್ಚಿನ ಎರಡು ಭಾಗಗಳ ನಡುವೆ ತೂರಿಸಿದರು.

ಮೂವತ್ತು ವರ್ಷದಿಂದ ಹೊಸಬರಿಗೆಲ್ಲ ಅವರು ಹೇಳಿಕೊಟ್ಟ ಮೊದಲ ಪಾಠ, ಅಚ್ಚಿನ ಬಾಯಿಗೆ ತಲೆ ಕೊಡಬೇಡಿ ಎಂಬುದು. ಬಾಗಿಲು ತೆರೆದಿದ್ದರೆ ಮೆಷಿನ್ ಮುಚ್ಚುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಓಡಿಹೋಗಿ ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದೆ. ಒಂದು ಸಲ ಒತ್ತಿದರೆ ಸಾಕು, ಅದು ತಾನಾಗಿ ಹಿಡಿದುಕೊಳ್ಳುತ್ತದೆ. ನಾನು ಬಿಡಲಿಲ್ಲ.

ಅವರು ಕೆಳತುಟಿಯನ್ನು ಬಿಸಿ ಕೋರಿಗೆ ಒತ್ತಿದರು. ಹಲ್ಲಿನ ನಡುವಿನಿಂದ ಸ್ಸ್ ಎಂಬ ಸದ್ದು ಬಂತು. ಹಿಂದೆ ಸರಿದರು, ಮತ್ತೆ ಒತ್ತಿದರು. ಒಂದು ಸಂದು, ಇನ್ನೊಂದು ಸಂದು. ಒಂದು ಕಡೆ ನಿಂತರು.

"ಏಳು" ಎಂದು ಒಳಗಿನಿಂದಲೇ ಹೇಳಿದರು. ಹೊರಗೆ ಬಂದಾಗ ತುಟಿ ಕೆಂಪಗೆ ಊದುತ್ತಿತ್ತು. "ಏಳನೇದು ಇದರದ್ದಲ್ಲ, ಆ ಕಡೆಯದು. ನಾನೇ ಅದಲುಬದಲು ಮಾಡಿದೀನಿ. ಬೆಳಗ್ಗೆ ಸರಿ ಇದೆ ಅಂದಿದ್ದು ಸುಳ್ಳು. ಉಗುರಿಗೆ ಏನೂ ತಿಳೀತಿಲ್ಲ ಸರ್, ಎಂಟು ತಿಂಗಳಾಯ್ತು." ನನ್ನ ಕಡೆ ತಿರುಗಿದರು. "ಗುಂಡಿ ಬಿಡು ಪುಟ್ಟಿ. ಆಯ್ತು."

ಲಾರಿ ಹೋಗಲಿಲ್ಲ. ಅವತ್ತಿನ ಮುಚ್ಚಳಗಳನ್ನೆಲ್ಲ ಚೀಲಗಳಿಂದ ಸುರಿದು ಹಾಳು ಮಾಡಿದರು. ಮ್ಯಾನೇಜರ್ ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದರು, ಎರಡನ್ನೂ ಬಿಚ್ಚಿ ಎಂದಿದ್ದು ತಾವೇ ಎಂಬುದು ಅವರ ನೆನಪಿನಿಂದ ಹೋಗಿರಲಿಲ್ಲ. ಡಾಕ್ಟರ್ ಸಕ್ಕರೆ ಎಂದೇ ಹೇಳಿದರು. ಬೆರಳು ತೆಗೆಯಬೇಕಿಲ್ಲ, ಜೋಪಾನ ಮಾಡಿದರೆ ಉಳಿಯುತ್ತವೆ, ಸ್ಪರ್ಶ ಮಾತ್ರ ಮರಳಿ ಬರುವ ಭರವಸೆ ಇಲ್ಲ ಎಂದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಚಿಕ್ಕಮ್ಮ ಆ ಹೆಬ್ಬೆರಳಿನ ಉಗುರನ್ನು ತಾವೇ ಕತ್ತರಿಸಿದರು. ಚಿಕ್ಕಪ್ಪ ಮಗುವಿನ ಹಾಗೆ ಕೈ ಚಾಚಿಕೊಂಡು ಕೂತಿದ್ದರು.

ಈಗ ಕೋರು ಬಿಚ್ಚುವವಳು ನಾನು. ಕೇಳಿ ಪಡೆದ ಕೆಲಸ. ಎಸಳುಗಳಿಗೆಲ್ಲ ಗುರುತು ಕೊರೆಸಿದ್ದೇನೆ. ಚಿಕ್ಕಪ್ಪ ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುತ್ತಾರೆ, ಬಾಯಿ ಮೊದಲಿಗಿಂತ ಜಾಸ್ತಿಯಾಗಿದೆ. ನನ್ನ ಭಯ ಮಾತ್ರ ಎಲ್ಲಿಗೂ ಹೋಗಿಲ್ಲ. ಅಪ್ಪನ ಕಾಲು, ಚಿಕ್ಕಪ್ಪನ ಕೈ, ಮುಂದಿನದು ಯಾರದು ಎಂದು ಯಾರೂ ಹೇಳಬೇಕಾಗಿಲ್ಲ. ಬೆಳಗ್ಗೆ ಎಚ್ಚರವಾದ ಕೂಡಲೇ, ಕಣ್ಣು ತೆರೆಯುವ ಮೊದಲೇ, ಹೊದಿಕೆಯ ಹೊಲಿಗೆಯ ಮೇಲೆ ಉಗುರು ಎಳೆಯುತ್ತೇನೆ. ಹೊಲಿಗೆ ಸಿಕ್ಕ ಮೇಲೆಯೇ ಏಳುವುದು.

ಕೆಲಸ ಶುರುವಾಗುವ ಮುಂಚೆ ಚಿಕ್ಕಪ್ಪ ದಿನಾ ಬೆಂಚಿನ ಮೇಲೆ ಕೂದಲಾಟ ಆಡಿಸುತ್ತಾರೆ. ಕಳೆದ ವಾರ ಮೂರು ಹಾಳೆ ಹಾಸಿ, "ಎಲ್ಲಿದೆ?" ಎಂದರು. ಕಣ್ಣು ಮುಚ್ಚಿ ಎಳೆದೆ. ಏನೂ ಸಿಗಲಿಲ್ಲ. ಮತ್ತೆ ಎಳೆದೆ, ಅಡ್ಡಕ್ಕೆ, ಉದ್ದಕ್ಕೆ. ನಿನ್ನೆಯಷ್ಟೇ ಸಿಕ್ಕಿತ್ತು. ಇಷ್ಟು ಬೇಗವಾ, ಈ ವಯಸ್ಸಿಗೇನಾ ಎಂದುಕೊಂಡೆ.

"ಇದೆ" ಎಂದೆ. "ಇಲ್ಲಿ, ಬಲಗಡೆ."

ಚಿಕ್ಕಪ್ಪ ಒಂದು ಹಾಳೆ ಎತ್ತಿದರು. ಇನ್ನೊಂದು ಎತ್ತಿದರು. ಮೂರನೆಯದನ್ನೂ ಎತ್ತಿದರು. ಕೂದಲೇ ಇರಲಿಲ್ಲ. ಅವರು ಇಟ್ಟೇ ಇರಲಿಲ್ಲ.

ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ತುಟಿಯ ಮೇಲಿನ ಬಿಳಿ ಕಲೆಯನ್ನು ಸವರಿಕೊಂಡರು.

"ನಾನೂ ಅವತ್ತು ಹೀಗೇ ಹೇಳಿದ್ದು" ಎಂದರು. ಹಾಳೆಗಳನ್ನು ಮತ್ತೆ ಹಾಸಿದರು. "ಈಗ ಮತ್ತೆ ಹೇಳು."

ಉಗುರು ಎಳೆದೆ.

"ಏನೂ ಸಿಗಲಿಲ್ಲ ಚಿಕ್ಕಪ್ಪ."

"ಹಾಂ" ಎಂದರು. "ಹೋಗಿ ಮೊದಲನೇ ಕೋರು ಬಿಚ್ಚು."